ಅಮೆರಿಕದ ಮೇರಿಲ್ಯಾಂಡ್ ರೆನೆಸಾನ್ಸ್ ಮೇಳಕ್ಕೆ (ಹಳೆಯ ಇಂಗ್ಲಿಷ್ ಹಳ್ಳಿಯೊಂದನ್ನು ವೇಷ, ನಾಟಕ, ಕಾಳಗಗಳಲ್ಲಿ ಕಟ್ಟಿಕೊಡುವ ಬಯಲು ಜಾತ್ರೆ) ಗೆಳೆಯರ ಜೊತೆ ಹೊರಟಿದ್ದೇವೆ. ನಮ್ಮ ಇಬ್ಬರು ಗೆಳೆಯರು ಅಲ್ಲಿ ಕಲಾವಿದರು, ಒಬ್ಬರು ರಾಜನ ಆಸ್ಥಾನದ ಪಾತ್ರದಲ್ಲಿ, ಇನ್ನೊಬ್ಬರು ಜಗ್ಲಿಂಗ್ (ಚೆಂಡು ಮುಂತಾದವನ್ನು ಎಸೆದು ಹಿಡಿಯುವ ಆಟ) ಮಾಡುತ್ತಾರೆ. ನೈಟ್ (ಕವಚ ತೊಟ್ಟ ಯುರೋಪಿನ ಕುದುರೆ ಸವಾರ ಯೋಧ) ವೇಷ ಎಲ್ಲಿ ಬಾಡಿಗೆಗೆ ಸಿಗುತ್ತದೆ? ಶನಿವಾರ, ಭಾನುವಾರ ಎರಡೂ ದಿನ ಹೋಗಬೇಕೆ?

ಬಾಡಿಗೆ ವೇಷ ತರಬೇಡಿ. ಎರಡೂ ದಿನ ಹೋಗಬೇಡಿ. ಮೊದಲ ಮೇಳಕ್ಕೆ ಮುಂಚೆ ನಾನು ಹುಡುಕಿದ್ದೂ ಇದನ್ನೇ: ಕವಚ, ಕತ್ತಿ, ಕೆಂಪು ಮೇಲಂಗಿ. ಮೇಳಕ್ಕೆ ಹೊಸದಾಗಿ ಹೊರಡುವ ನಮ್ಮವರೆಲ್ಲರ ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ. ಇಡೀ ದಿನ ಹಾಳಾಗುವುದೂ ಅಲ್ಲಿಂದಲೇ. ಅದಕ್ಕೇ ವೇಷದ ವಿಚಾರವನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಉಳಿದದ್ದು ಚಿಕ್ಕದಾಗಿ.

ಹ್ಯಾಲೋವೀನ್ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುವ ‘ನೈಟ್’, ‘ಪ್ರಿನ್ಸೆಸ್’ ವೇಷಗಳು ಬಹುಪಾಲು ಪಾಲಿಯೆಸ್ಟರ್ ವೆಲ್ವೆಟ್, ಒಳಗೆ ಪಾಲಿಯೆಸ್ಟರಿನದೇ ಲೈನಿಂಗ್. ಒಂದೆರಡು ಗಂಟೆಯ ಪಾರ್ಟಿಗೆ, ಎಸಿ ಹಾಲಿಗೆ ಹೊಲಿದ ಬಟ್ಟೆ ಅದು. ಮೇಳ ನಡೆಯುವುದು ಅನಾಪೊಲಿಸ್ ಪಕ್ಕದ ಕ್ರೌನ್ಸ್‌ವಿಲ್‌ನ ಬಯಲಿನಲ್ಲಿ, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಮಧ್ಯಾಹ್ನ 30 ಡಿಗ್ರಿ ದಾಟುವುದು ಮಾಮೂಲು, ಜೊತೆಗೆ ಚೆಸಪೀಕ್ ಕೊಲ್ಲಿಯ ಕಡೆಯ ಜಿಗುಟು ಸೆಕೆ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. 65% ತೇವಾಂಶದ ಗಾಳಿಯಲ್ಲಿ ಹತ್ತಿ ತನ್ನ ತೂಕದ ಸುಮಾರು 8% ನೀರು ಹಿಡಿಯುತ್ತದೆ, ಪಾಲಿಯೆಸ್ಟರ್ ಹಿಡಿಯುವುದು 0.4% ಅಷ್ಟೇ. ಅಂದರೆ ಬೆವರು ಬಟ್ಟೆಗೆ ಇಳಿಯುವುದಿಲ್ಲ, ಗಾಳಿಗೂ ಹೋಗುವುದಿಲ್ಲ, ಮೈಮೇಲೇ ಹರಿದು ಸೊಂಟದ ಪಟ್ಟಿಯಲ್ಲಿ ನಿಲ್ಲುತ್ತದೆ. ವೆಲ್ವೆಟ್ಟಿನ ಜೂಲು ಬಿಸಿಗಾಳಿಯನ್ನು ಹಿಡಿದಿಟ್ಟುಕೊಂಡರೆ ಲೈನಿಂಗ್ ಬೆನ್ನಿಗೆ ಅಂಟುತ್ತದೆ. ಮೇಲೊಂದು ಕ್ಲೋಕ್ ಇದ್ದರೆ ಅದರ ಭಾರವೆಲ್ಲ ಕುತ್ತಿಗೆಯ ದಾರದ ಮೇಲೆ. 10ಕ್ಕೆ ಒಳಗೆ ಹೋದವರು 1ರ ಹೊತ್ತಿಗೆ ತಲೆನೋವು ಅಂತ ನೆರಳು ಹುಡುಕುತ್ತಾರೆ, ಮಧ್ಯಾಹ್ನದ ಒಳ್ಳೆಯ ಪ್ರದರ್ಶನಗಳೆಲ್ಲ ತಪ್ಪಿಹೋಗುತ್ತವೆ. ಉಕ್ಕಿನ ಬಳೆಗಳ ನಿಜವಾದ ಚೈನ್‌ಮೇಲ್ ಸಿಕ್ಕರೂ ಬೇಡ. ಹತ್ತು ಕಿಲೋ ಮೇಲಿನ ಆ ತೂಕ ಹೊತ್ತು ನಡೆದು ರೂಢಿ ಇರಬೇಕು, ಬಿಸಿಲಿಗೆ ಅದು ಕಾಯುತ್ತದೆ ಕೂಡ. ಇನ್ನು ಬಾಡಿಗೆ ಬಟ್ಟೆಯ ಅಂಚಿಗೆ ಕೆಸರು ಹತ್ತಿದರೆ ಡೆಪಾಸಿಟ್ಟಿಗೂ ಕತ್ತರಿ.

ಹಾಗಾದರೆ ಏನು ಹಾಕಿಕೊಳ್ಳುವುದು? ನಮ್ಮದನ್ನೇ. ಈ ಮೇಳದ ಕಥೆ ನಡೆಯುವುದು ಇಂಗ್ಲೆಂಡಿನ 8ನೇ ಹೆನ್ರಿಯ ಕಾಲದಲ್ಲಿ, ರೆವೆಲ್ ಗ್ರೋವ್ ಎಂಬ ಕಲ್ಪಿತ ಹಳ್ಳಿಯಲ್ಲಿ. ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ 1509ರಲ್ಲೇ. 1520ರ ಮೇ ತಿಂಗಳಲ್ಲಿ ರಾಯ ರಾಯಚೂರಿನ ಯುದ್ಧ ಗೆದ್ದ. ಜೂನ್‌ನಲ್ಲಿ ಹೆನ್ರಿ ಫ್ರಾನ್ಸಿನ ದೊರೆಯನ್ನು ಭೇಟಿಯಾಗಿ ಜರಿ ಡೇರೆಗಳ ನಡುವೆ ಭರ್ಜಿ ಕಾಳಗ ಆಡಿಸಿದ. ಒಂದೇ ಕಾಲದ ಎರಡು ಆಸ್ಥಾನಗಳು. ಆ ಇಂಗ್ಲಿಷ್ ಹಳ್ಳಿಗೆ ವಿಜಯನಗರದಿಂದ ಬಂದ ವರ್ತಕರಾಗಿ ಕಾಲಿಡಲು ನಿಮಗೆ ಪೂರ್ತಿ ಹಕ್ಕಿದೆ. ಪ್ಲಾಸ್ಟಿಕ್ ಕವಚದ ನೂರು ನೈಟ್‌ಗಳ ನಡುವೆ ಇನ್ನೊಬ್ಬ ನೈಟ್ ಆಗುವುದಕ್ಕಿಂತ ಇದು ಎಷ್ಟೋ ಮೇಲು ಅಂತ ನನ್ನ ಖಚಿತ ಅಭಿಪ್ರಾಯ.

ವಿಜಯನಗರದ ಆಸ್ಥಾನಿಕರ ಉಡುಗೆ ಕಬಾಯಿ ಮತ್ತು ಕುಲ್ಲಾಯಿ. ಲೇಪಾಕ್ಷಿಯ ಚಾವಣಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ: ತೆಳು ಬಿಳಿ ಬಟ್ಟೆಯ, ತುಂಬು ತೋಳಿನ ಉದ್ದ ಅಂಗಿ ಕಬಾಯಿ; ಎತ್ತರದ ಟೋಪಿ ಕುಲ್ಲಾಯಿ. ತಿರುಮಲದಲ್ಲಿರುವ ಕೃಷ್ಣದೇವರಾಯನ ಕಂಚಿನ ಪ್ರತಿಮೆಯ ತಲೆ ಮೇಲಿರುವುದೂ ಅದೇ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ರಾಯನ ಬಿಳಿ ಬಟ್ಟೆ, ಜರಿ ಟೋಪಿಯನ್ನೇ ಬರೆದಿಟ್ಟಿದ್ದಾನೆ. ರಾಯ ಬರಿಗಾಲಲ್ಲಿದ್ದ ಅಂತಲೂ ಬರೆದಿದ್ದಾನೆ, ಅದನ್ನು ಮಾತ್ರ ಅನುಸರಿಸಬೇಡಿ.

ಕಬಾಯಿಗೆ 44 ಇಂಚು ಪನ್ನದ (ಅಗಲದ) ಮಲ್ ಅಥವಾ ತೆಳು ಕೈಮಗ್ಗದ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಸಾಧಾರಣ ಎತ್ತರದ ಗಂಡಸಿಗೆ ಮೂರೂವರೆ ಮೀಟರ್ ಸಾಕು: ಭುಜದಿಂದ ಮೊಣಕಾಲ ಕೆಳಗಿನವರೆಗೆ ಸುಮಾರು 110 ಸೆಂ.ಮೀ., ಹಿಂದು ಮುಂದು ಸೇರಿ 220. ಎರಡು ತೋಳೂ ಪಕ್ಕಪಕ್ಕದಲ್ಲಿ ಒಂದೇ ಪನ್ನದಲ್ಲಿ ಬರುತ್ತವೆ, ಅದಕ್ಕೆ 70. ಉಳಿದದ್ದು ಹೊಲಿಗೆ, ಕಸೆ ಮತ್ತು ಬಗಲಿನ ತುಂಡುಗಳಿಗೆ. ಕತ್ತರಿಸುವ ಮುಂಚೆ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ತೋಳು ಮಣಿಕಟ್ಟಿನಿಂದ ಮೇಲೇರುತ್ತದೆ. ಬಗಲಿಗೆ 10 ಸೆಂ.ಮೀ. ಚೌಕದ ತುಂಡು ಓರೆಯಾಗಿ ಕೂರಿಸಬೇಕು. ಅದಿಲ್ಲದೆ ಕೈ ಎತ್ತಿ ಚಪ್ಪಾಳೆ ತಟ್ಟಿದರೆ ಹರಿಯುವುದು ಅಲ್ಲೇ. ಕತ್ತಿನ ಸೀಳಿಗೆ ಗುಂಡಿ ಬೇಡ, ಅದೇ ಬಟ್ಟೆಯ ಕಸೆ ಕಟ್ಟಿ. ಒಳಗೆ ಪಂಚೆಯನ್ನು ಕಚ್ಚೆ ಹಾಕಿ ಉಟ್ಟರೆ ಧೂಳು, ಹುಲ್ಲು, ಮರದ ಚೂರಿನ ನೆಲದಲ್ಲೂ ಸಲೀಸಾಗಿ ನಡೆಯಬಹುದು.

ಕುಲ್ಲಾಯಿಗೆ ಅರ್ಧ ಮೀಟರ್ ಜರಿ ಬಟ್ಟೆ ಸಾಕು. ಹಳೆಯ ರೇಷ್ಮೆ ಸೀರೆಯ ಸೆರಗಿನ ತುಂಡೂ ನಡೆಯುತ್ತದೆ. ತಲೆಯ ಸುತ್ತಳತೆಗೆ 2 ಸೆಂ.ಮೀ. ಹೊಲಿಗೆ ಸೇರಿಸಿ, 28 ಸೆಂ.ಮೀ. ಎತ್ತರಕ್ಕೆ, ಮೇಲೆ ಹೋದಂತೆ ಕಿರಿದಾಗುವ ಹಾಗೆ ಕತ್ತರಿಸಿ. ನಡುವೆ ಟೈಲರ್‌ಗಳು ಕಾಲರಿಗೆ ಹಾಕುವ ಕ್ಯಾನ್ವಾಸ್, ಒಳಗೆ ಹತ್ತಿಯ ಲೈನಿಂಗ್. ಹಣೆಯ ಸುತ್ತ ಮೂರು ಬೆರಳಗಲದ ಮೆತ್ತನೆ ಹತ್ತಿ ಪಟ್ಟಿಯನ್ನು ಮರೆಯಬೇಡಿ. ಬೆವರು ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ, ಟೋಪಿಯೂ ಕಣ್ಣಿನ ಮೇಲೆ ಜಾರುತ್ತದೆ.

ನಿಮ್ಮ ಗುಂಪಿನ ಹೆಣ್ಣುಮಕ್ಕಳಿಗೆ ಕೈಮಗ್ಗದ ಹತ್ತಿ ಸೀರೆ, ಸಾಧ್ಯವಾದರೆ ಕಚ್ಚೆ ಹಾಕಿ, ಅಂಚು ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ. ರೇಷ್ಮೆ ಸೀರೆಯನ್ನು ಆ ಮಣ್ಣಿಗೆ ತರಬೇಡಿ. ಎಲ್ಲರಿಗೂ ಕಾಲಿಗೆ ಆಗಲೇ ಪಳಗಿದ ಕಂದು ಬಣ್ಣದ ಶೂ, ರಬ್ಬರ್ ಅಟ್ಟೆ ಇರುವಂಥದ್ದು. ಮೇಳದ ಹಿಂದಿನ ದಿನ ಕೊಂಡ ಬೂಟು ಹಿಮ್ಮಡಿಯಲ್ಲಿ ಗುಳ್ಳೆ ಏಳಿಸುತ್ತದೆ, 27 ಎಕರೆ ತಿರುಗಬೇಕು. ಕಠಾರಿ, ಕತ್ತಿ ಸಿಕ್ಕಿಸಿಕೊಳ್ಳುವ ಆಸೆ ಇದ್ದರೆ ಒರೆಯಲ್ಲಿಟ್ಟು ಹಿಡಿಕೆ ಸಮೇತ ದಾರದಿಂದ ಬಿಗಿದಿರಬೇಕು, ಹಿರಿಯಲು ಬಾರದ ಹಾಗೆ. ನನ್ನನ್ನು ಕೇಳಿದರೆ ಮನೆಯಲ್ಲೇ ಬಿಡಿ.

ವೇಷದ ಜೊತೆ ನಾಲ್ಕು ಮಾತೂ ಸಿದ್ಧವಿರಲಿ. ಹೆನ್ರಿಯ ಆಸ್ಥಾನದ ವೇಷದಲ್ಲಿರುವ ನಟರು ನಿಮ್ಮನ್ನು ತಡೆದು ‘ಯಾವ ದೇಶದವರು’ ಅಂತ ಕೇಳಿಯೇ ಕೇಳುತ್ತಾರೆ. ಭಟ್ಕಳದ ಕುದುರೆ ವ್ಯಾಪಾರಿ ಅನ್ನಿ. ಅಂದಿನ ವಿಜಯನಗರಕ್ಕೆ ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಿಂದ ಬಂದ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಅಂತ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವರ್ತಕ ನೂನಿಜ್ ಬರೆದಿದ್ದಾನೆ. ಕೃಷ್ಣದೇವರಾಯನಿಗಿಂತ ಮೊದಲು ಆಳಿದ ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆ ಕೊಡುತ್ತಿದ್ದರಂತೆ. ಇದನ್ನು ಆ ಹೆನ್ರಿಯ ಮುಂದೆ ಹೇಳಿ ನೋಡಿ, ಅವನು ಮಾತು ಮುಂದುವರಿಸದೆ ಇರಲಾರ.

ನಿಮ್ಮ ದೊರೆ ಯಾರು ಅಂತ ಕೇಳಿದರೆ, ಆ ವರ್ಷದ ಕಥೆಯಲ್ಲಿ ಹೆನ್ರಿಯ ಪಕ್ಕದ ರಾಣಿ ಯಾರು ನೋಡಿಕೊಂಡು ಉತ್ತರಿಸಿ. ಇಲ್ಲಿಯ ಕಥೆ ಅವನ ಆಳ್ವಿಕೆಯ ಜೊತೆ ಸಾಗುತ್ತದೆ. ಅರಗಾನಿನ ಕ್ಯಾಥರೀನ್ ಇದ್ದು ವರ್ಷ 1529ಕ್ಕೆ ಹಿಂದಿನದಾದರೆ ಕೃಷ್ಣದೇವರಾಯ. ಆನ್ ಬೊಲೆನ್ (1533–36), ಜೇನ್ ಸೀಮೋರ್ (1536–37), ಕ್ಲೀವ್ಸ್‌ನ ಆನ್ (1540), ಕ್ಯಾಥರೀನ್ ಹೋವರ್ಡ್ (1540–42), ಈ ನಾಲ್ವರ ಕಾಲಕ್ಕೂ ಅಚ್ಯುತದೇವರಾಯ. ಕೊನೆಯ ಕ್ಯಾಥರೀನ್ ಪಾರ್ ಆದರೆ ಸಿಂಹಾಸನದ ಮೇಲೆ ಸದಾಶಿವರಾಯ, ಅಧಿಕಾರ ಅಳಿಯ ರಾಮರಾಯನ ಕೈಯಲ್ಲಿ.

ಇನ್ನು ದಿನದ ಲೆಕ್ಕ. ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮುಂಗಡವಾಗಿ, ಆ ದಿನಾಂಕಕ್ಕೇ ಕೊಳ್ಳಬೇಕು, ಒಳ್ಳೆಯ ಹವೆಯ ದಿನಗಳದ್ದು ಬೇಗ ಮುಗಿಯುತ್ತದೆ. ಗೇಟಿನಲ್ಲಿ ನೋಡಿಕೊಳ್ಳೋಣ ಅಂತ ಹೋದರೆ ಬಂದ ದಾರಿಗೆ ಸುಂಕವಿಲ್ಲ. ಎರಡು ದಿನದ ಟಿಕೆಟ್ಟಿಗೆ ಬದಲು ಭಾನುವಾರ ಒಂದು ದಿನ ಹೋಗಿ. ಶನಿವಾರಕ್ಕಿಂತ ಜನ ಸಾಮಾನ್ಯವಾಗಿ ಕಡಿಮೆ, ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರದ ರಜೆ) ವಾರಾಂತ್ಯ ಬಿಟ್ಟು. ಕ್ರೌನ್ಸ್‌ವಿಲ್ ರಸ್ತೆ ಕಿರಿದು. ಹತ್ತೂವರೆ ನಂತರ ಸಾಲುಗಟ್ಟುತ್ತದೆ, ಒಂಬತ್ತೂವರೆಗೇ ಕಾರು ಹುಲ್ಲುಗಾವಲಿನಲ್ಲಿ ನಿಂತಿರಲಿ.

ಉಳಿಸಿದ ಟಿಕೆಟ್ ದುಡ್ಡನ್ನು ಕಲಾವಿದರ ಟೋಪಿಗೆ ಹಾಕಿ. ಈ ಮಾತನ್ನು ಒತ್ತಿ ಹೇಳುತ್ತೇನೆ. ನಿಮ್ಮ ಇಬ್ಬರು ಗೆಳೆಯರು ಅಲ್ಲಿ ಕಲಾವಿದರು ಅಂದಿದ್ದೀರಿ, ಒಬ್ಬರು ಆಸ್ಥಾನದಲ್ಲಿ, ಇನ್ನೊಬ್ಬರು ಜಗ್ಲಿಂಗ್. ಇಬ್ಬರ ಸಂಪಾದನೆಯ ರೀತಿ ಬೇರೆ. ಆಸ್ಥಾನದ ನಟರನ್ನು ಮೇಳವೇ ನೇಮಿಸಿಕೊಂಡಿರುತ್ತದೆ. ಜಗ್ಲಿಂಗ್, ಕತ್ತಿ ನುಂಗುವುದು, ಹಗ್ಗದ ನಡಿಗೆ ಮಾಡುವವರಲ್ಲಿ ಅನೇಕರ ಹೊಟ್ಟೆಪಾಡು ಪ್ರದರ್ಶನದ ಕೊನೆಗೆ ಹಿಡಿಯುವ ಟೋಪಿಯಿಂದ. ಫೆಬ್ರವರಿಯಲ್ಲಿ ಅರಿಜೋನಾ, ಏಪ್ರಿಲ್‌ನಲ್ಲಿ ಟೆಕ್ಸಾಸಿನ ಸ್ಕಾರ್ಬರೋ, ಬೇಸಿಗೆಯಲ್ಲಿ ವಿಸ್ಕಾನ್ಸಿನ್‌ನ ಬ್ರಿಸ್ಟಲ್, ಅಕ್ಟೋಬರ್‌ನಲ್ಲಿ ಮತ್ತೆ ಟೆಕ್ಸಾಸ್, ಹೀಗೆ ವರ್ಷವಿಡೀ ಊರೂರು ಅಲೆಯುವವರೂ ಇದ್ದಾರೆ. ಕೊನೆಯ ವರಸೆ ಮುಗಿಯುತ್ತಿದ್ದಂತೆ ಎದ್ದು ಹೋಗುವುದು ಅವರ ಕೂಲಿ ಕೊಡದೆ ಹೋದಂತೆಯೇ. ತಲೆಗೆ ಐದು ಡಾಲರಿನ ಲೆಕ್ಕದಲ್ಲಿ ಬಿಡಿ ನೋಟು ಇಟ್ಟುಕೊಳ್ಳಿ, ನಾಲ್ಕು ಜನ ಐದು ಪ್ರದರ್ಶನ ಕೂತು ನೋಡಿದರೆ ನೂರು ಡಾಲರ್. ಫೋನಿನಲ್ಲಿ ಹಾಕಲು ಕ್ಯೂಆರ್ ಫಲಕ ಇಟ್ಟವರೂ ಉಂಟು, ಆದರೆ ಅಷ್ಟು ಜನ ಸೇರಿದಲ್ಲಿ ಸಿಗ್ನಲ್ ನಂಬಬೇಡಿ.

ಗೆಳೆಯರ ಪಾತ್ರದ ಹೆಸರು, ಯಾವ ವೇದಿಕೆ, ಎಷ್ಟು ಹೊತ್ತಿಗೆ ಅನ್ನುವುದನ್ನು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ. ವೇಷದಲ್ಲಿದ್ದಾಗ ಫೋನ್ ಎತ್ತುವುದಿಲ್ಲ. ಬೀದಿಯಲ್ಲಿ ಕಂಡಾಗ ನಿಜವಾದ ಹೆಸರು ಹಿಡಿದು ಕೂಗಬೇಡಿ, ಸುತ್ತಲಿನ ಮಕ್ಕಳಿಗೆ ಅವರು ಆಗ ಪ್ರಭುವೋ ದಾಸಿಯೋ ಆಗಿರುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ಕೂಗಿ ಹುರಿದುಂಬಿಸುವುದೇ ನೀವು ಮಾಡಬಹುದಾದ ದೊಡ್ಡ ಉಪಕಾರ. ಬೆಳಗಿನ ಮೊದಲ ಪ್ರದರ್ಶನಕ್ಕೆ ಜನ ಕಡಿಮೆ ಇರುತ್ತಾರೆ, ಜಗ್ಲರ್ ಗೆಳೆಯರದ್ದನ್ನು ಆಗಲೇ ನೋಡಿ. ಆಗಿನ ನಾಲ್ಕು ಗಂಟಲು ಮಧ್ಯಾಹ್ನದ ನಲವತ್ತಕ್ಕಿಂತ ಹೆಚ್ಚು.

ಜೌಸ್ಟಿಂಗ್‌ಗೆ, ಅಂದರೆ ಕುದುರೆ ಮೇಲಿನ ಭರ್ಜಿ ಕಾಳಗಕ್ಕೆ, ಅರ್ಧ ಗಂಟೆ ಮುಂಚೆ ಹೋಗಿ ಬೇಲಿಯ ನಡುಮಧ್ಯದಲ್ಲಿ ಕೂರಿ, ಭರ್ಜಿಗಳು ತಾಗುವುದು ಅಲ್ಲಿ. ಮೂಲೆಯಲ್ಲಿ ಕೂತವರಿಗೆ ಕುದುರೆ ತಿರುಗುವುದಷ್ಟೇ ಕಾಣುತ್ತದೆ. ಸವಾರರು ಪರಸ್ಪರ ಎಡಗಡೆಯಿಂದ ಹಾಯುತ್ತಾರೆ, ಬಲಗೈಯ ಭರ್ಜಿ ಕುದುರೆಯ ಕತ್ತಿನ ಮೇಲಿಂದ ಓರೆಯಾಗಿ ಬರುತ್ತದೆ. ಪ್ರದರ್ಶನದ ಭರ್ಜಿಗಳ ತುದಿಗೆ ಸಾಮಾನ್ಯವಾಗಿ ಹಗುರವಾದ ಬಾಲ್ಸಾ ಮರ ಇರುತ್ತದೆ, ಸುಲಭವಾಗಿ ಮುರಿಯಲೆಂದೇ. ದಿನದ ಕೊನೆಯ ಕಾಳಗಕ್ಕೆ ನೂಕುನುಗ್ಗಲು, ಮಧ್ಯಾಹ್ನದ ಮೊದಲ ಕಾಳಗವೇ ವಾಸಿ. ಅಂದ ಹಾಗೆ ಜೌಸ್ಟಿಂಗ್ 1962ರಿಂದ ಮೇರಿಲ್ಯಾಂಡಿನ ಅಧಿಕೃತ ರಾಜ್ಯ ಕ್ರೀಡೆ.

ಊಟದ ವಿಷಯದಲ್ಲಿ ಎರಡೇ ಎಚ್ಚರಿಕೆ. ಸ್ಕಾಚ್ ಎಗ್ ನೋಡಲು ನಮ್ಮ ಮೊಟ್ಟೆ ಬೋಂಡದಂತೆಯೇ ಇರುತ್ತದೆ, ಆದರೆ ಮೊಟ್ಟೆಯ ಸುತ್ತ ಇರುವುದು ಸಾಮಾನ್ಯವಾಗಿ ಹಂದಿ ಮಾಂಸದ ಸಾಸೇಜ್. ಮೊಟ್ಟೆ ಮಾತ್ರ ತಿನ್ನುವವರು ಮೋಸ ಹೋಗುವುದು ಇಲ್ಲೇ. ಬ್ರೆಡ್ ಬಟ್ಟಲಿನ ಸೂಪಿನಲ್ಲಿ ತರಕಾರಿ ಕಂಡರೂ ರಸ ಕೋಳಿಯದ್ದೋ ದನದ್ದೋ ಅಂತ ಕೇಳಿ. ಮಾಂಸ ತಿನ್ನುವವರು ಟರ್ಕಿ ಕಾಲಿನ ಒಳಗೆ ಗುಲಾಬಿ ಬಣ್ಣ ಕಂಡು ಬೆಂದಿಲ್ಲ ಅಂತ ಎಸೆಯಬೇಡಿ, ಉಪ್ಪುನೀರಿನಲ್ಲಿ ನೈಟ್ರೈಟ್ ಹಾಕಿ ನೆನೆಸಿರುವುದರಿಂದ ಆ ಬಣ್ಣ. ಅರ್ಧ ಕಿಲೋ ಮೇಲೆ ತೂಗುತ್ತದೆ, ಇಬ್ಬರಿಗೆ ಒಂದು ಸಾಕು.

ಸಂಜೆ 7ಕ್ಕೆ ಬಾಗಿಲು ಮುಚ್ಚಿದ ಮೇಲೆ ಕಲಾವಿದರು ವೇಷ ಕಳಚಿ, ಸಾಮಾನು ಎತ್ತಿಟ್ಟು ಬರಲು ಮುಕ್ಕಾಲು ಗಂಟೆಯಾದರೂ ಬೇಕು, ಅಷ್ಟರಲ್ಲಿ ಪಾರ್ಕಿಂಗಿನ ಸಾಲೂ ಕರಗುತ್ತದೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ಕಾರಿನ ಡಿಕ್ಕಿಯಲ್ಲೇ ಐಸ್ ತುಂಬಿದ ಕೂಲರಿನಲ್ಲಿ ಉಪ್ಪು, ಶುಂಠಿ ಹಾಕಿದ ಮಜ್ಜಿಗೆ ಇಟ್ಟಿರಿ, ಪಕ್ಕದಲ್ಲಿ ಒಂದು ಡಬ್ಬಿ ಚಿತ್ರಾನ್ನ. ಇಡೀ ದಿನ ಕೂಗಿ ಗಂಟಲು ಒಣಗಿಸಿಕೊಂಡ ನಿಮ್ಮ ಗೆಳೆಯರಿಗೆ ಮೊದಲು ಬೇಕಾಗುವುದು ಅದೇ.