ಕೈಸನ್ನೆಗೆ ಓಗೊಡುವ ಸ್ವಿಚ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಕೈಯೆಲ್ಲ ಹಣ್ಣಿನ ಲೋಳೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವುದು ಬೇಡವೆಂದು ಲೈಟಿಗೂ ಕರೆಂಟಿನಿಂದ ತೆರೆದು ಮುಚ್ಚುವ ನೀರಿನ ಸೊಲೆನಾಯ್ಡ್ ವಾಲ್ವಿಗೂ ಕೈಸನ್ನೆ ಗುರುತಿಸುವ ಎಪಿಡಿಎಸ್-9960 ಸೆನ್ಸರ್ ಹಾಕಿಸಿದೆವು. ಬೆಳಿಗ್ಗೆ ಸರಿಯಾಗಿರುತ್ತದೆ. ಮಧ್ಯಾಹ್ನ ಬಾಗಿಲಿಂದ ಬಿಸಿಲು ಬಿತ್ತೆಂದರೆ ಎಷ್ಟು ಬೀಸಿದರೂ ಕೇಳುವುದಿಲ್ಲ. ಕೆಲವೊಮ್ಮೆ ಯಾರೂ ಇಲ್ಲದಾಗ ವಾಲ್ವ್ ತಾನೇ ತೆರೆದುಕೊಳ್ಳುತ್ತದೆ.
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ಸೆನ್ಸರ್ ಕೆಟ್ಟಿಲ್ಲ, ಅದಕ್ಕೆ ಆ ಜಾಗ ಒಗ್ಗುವುದಿಲ್ಲ. ಅದು ಅತಿಗೆಂಪು ಬೆಳಕು ಬಿಟ್ಟು, ಕೈಗೆ ಬಡಿದು ವಾಪಸ್ ಬಂದದ್ದನ್ನು ನಾಲ್ಕು ಫೋಟೋಡಯೋಡ್‌ಗಳಲ್ಲಿ ಅಳೆಯುತ್ತದೆ. ಕೈ 10–20 ಸೆಂ.ಮೀ. ಒಳಗಿರಬೇಕು. ಬಿಸಿಲಲ್ಲೂ ಇದೇ ಬೆಳಕು ಧಾರಾಳವಾಗಿರುವುದರಿಂದ ಡಯೋಡ್‌ಗಳು ತುಂಬಿಹೋಗಿ ಕೈಯ ಗುರುತೇ ಸಿಗುವುದಿಲ್ಲ. ಮುಂದಿನ ಗಾಜಿನ ಮೇಲೆ ನೀರಿನ ಹನಿ ಕೂತರೆ ಸೆನ್ಸರಿನ ಸ್ವಂತ ಬೆಳಕೇ ತಿರುಗಿ ಒಳಬರುತ್ತದೆ. ಹನಿ ಜಾರಿದರೆ ಅದನ್ನೇ ಕೈಸನ್ನೆ ಎಂದುಕೊಳ್ಳುತ್ತದೆ.

ಬದಲಿಗೆ ವಿಎಲ್53ಎಲ್0ಎಕ್ಸ್ ಎಂಬ ದೂರ ಅಳೆಯುವ ಸೆನ್ಸರ್ ಎರಡು ತನ್ನಿ. ಇದು ಬೆಳಕು ಎಷ್ಟು ಬಂತೆಂದು ನೋಡುವುದಿಲ್ಲ, ಹೋಗಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿ ದೂರ ಹೇಳುತ್ತದೆ. ನೇರ ಬಿಸಿಲು ಇದನ್ನೂ ಕಾಡುತ್ತದೆ, ಆದರೆ ಒಂದಡಿಯೊಳಗಿನ ಕೈಗೆ ಇದೇ ವಾಸಿ. ಒಂದು ಹಲಗೆಯ ಅಡಿಭಾಗಕ್ಕೆ 15 ಸೆಂ.ಮೀ. ಅಂತರದಲ್ಲಿ, ಕೆಳಮುಖವಾಗಿ ಕೂರಿಸಿ. ಹನಿ ನಿಲ್ಲುವುದಿಲ್ಲ, ಬಿಸಿಲೂ ನೇರ ಬೀಳುವುದಿಲ್ಲ.

ಅಂತರ 15 ಎಂದದ್ದು ಸುಮ್ಮನೆ ಅಲ್ಲ. ಪ್ರತಿ ಸೆನ್ಸರಿನ ನೋಟ 25 ಡಿಗ್ರಿ ಅಗಲ, 30 ಸೆಂ.ಮೀ. ದೂರದಲ್ಲಿ ಅದು ಸುಮಾರು 13 ಸೆಂ.ಮೀ. ಹರಡುತ್ತದೆ, ಪಕ್ಕದ್ದರ ನೋಟಕ್ಕೆ ತಗಲುವುದಿಲ್ಲ. ಹಾಗಾಗಿ 8ರಿಂದ 30 ಸೆಂ.ಮೀ. ನಡುವಿನ ಅಳತೆಯನ್ನು ಮಾತ್ರ ಕೈ ಎಂದು ಒಪ್ಪಿ, ಉಳಿದದ್ದನ್ನು ಬಿಟ್ಟುಬಿಡಿ. ಎರಡೂ ಸೆನ್ಸರಿನ ವಿಳಾಸ, ಅಂದರೆ ನಡೆಸುವ ಬೋರ್ಡ್ ಅವನ್ನು ಕರೆಯುವ ಸಂಖ್ಯೆ, 0ಎಕ್ಸ್29 ಒಂದೇ. ಒಂದರ ಎಕ್ಸ್‌ಶಟ್ ಪಿನ್ನಿನ (ಸೆನ್ಸರನ್ನು ಆರಿಸುವ ಪಿನ್) ವೋಲ್ಟೇಜನ್ನು ಸೊನ್ನೆಗಿಳಿಸಿ ಮಲಗಿಸಿ, ಇನ್ನೊಂದಕ್ಕೆ 0ಎಕ್ಸ್30 ಕೊಟ್ಟು, ಆಮೇಲೆ ಮಲಗಿದ್ದನ್ನು ಎಬ್ಬಿಸಬೇಕು. ಕರೆಂಟ್ ಹೋದರೆ ಹೊಸ ವಿಳಾಸ ಮರೆತುಹೋಗುತ್ತದೆ. ಪ್ರತಿ ಸಲ ಶುರುವಾಗುವಾಗಲೂ ಇದನ್ನು ಮಾಡಿಸಿ.

ಅಳತೆಯ ಅವಧಿ 20 ಮಿಲಿಸೆಕೆಂಡ್ ಇಟ್ಟು, ಒಂದಾದ ಮೇಲೊಂದು ಓದಿಸಿ. ಸತತ ಎರಡು ಸಲ ಕಂಡರೆ ಮಾತ್ರ ಕೈ. ಮೊದಲ ಸೆನ್ಸರ್ ಕಂಡ 80–500 ಮಿಲಿಸೆಕೆಂಡ್ ಒಳಗೆ ಎರಡನೆಯದೂ ಕಂಡರೆ ಅದು ಬೀಸು. ಅದಕ್ಕಿಂತ ನಿಧಾನವಾದರೆ ಯಾರೋ ಬುಟ್ಟಿ ಹಿಡಿದು ದಾಟಿದ್ದಾರೆ. ಒಂದು ಬೀಸು ಒಪ್ಪಿದ ಮೇಲೆ ಒಂದು ಸೆಕೆಂಡ್ ಕಿವುಡಾಗಿರಲಿ, ಇಲ್ಲವಾದರೆ ಕೈ ಹಿಂದೆಗೆಯುವಾಗ ಹತ್ತಿದ ಲೈಟು ಆರುತ್ತದೆ. ವಾಲ್ವಿಗೆ ಬೀಸು ಬೇಡ. ಕೈಯನ್ನು ಒಂದು ಸೆಕೆಂಡ್ ಅಲ್ಲಾಡದೆ ಹಿಡಿಯುವ ಸನ್ನೆಯೇ ಇರಲಿ.

ಪ್ರಶ್ನೆ: ಮನುಷ್ಯರನ್ನು ಗುರುತಿಸುವ ಪಿಐಆರ್ ಸೆನ್ಸರ್ ಅಗ್ಗಕ್ಕೆ ಸಿಗುತ್ತದಲ್ಲ, ಅದು ಸಾಲದೇ?
– ಓದುಗರೊಬ್ಬರು, ಬೇಲೂರು

ಉತ್ತರ: ಸಾಲದು. ಮೈಶಾಖ ಅಲುಗಿತೆಂದಷ್ಟೇ ಅದಕ್ಕೆ ಗೊತ್ತು. ಕೈ ಬೀಸಿದಿರೋ, ನಾಯಿ ಹಾಯಿತೋ ಎರಡೂ ಒಂದೇ.

ಪ್ರಶ್ನೆ: ಪ್ರಾಜೆಕ್ಟಿಗೆ ಇಎಸ್‌ಪಿ32 ಕಂಟ್ರೋಲರ್ ಬೋರ್ಡ್ ಜೊತೆ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್ ಹಾಕಿದ್ದೇನೆ. ಕೈ ಮೇಲೆ ಕೆಳಗೆ ಮಾಡಿದರೆ ಸ್ಪೀಕರ್ ಸದ್ದು ಏರಿಳಿಯಬೇಕು. ಆದರೆ ಕೈ ತೆಗೆದ ತಕ್ಷಣ ಸದ್ದು ಸೊನ್ನೆಗೆ ಬೀಳುತ್ತದೆ. ಬೆಳಗಿನ ಚಳಿಗೆ ಹೀಗಾಗುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಚಳಿಯ ತಪ್ಪಿಲ್ಲ. 15 ಡಿಗ್ರಿಗೂ 32 ಡಿಗ್ರಿಗೂ ಶಬ್ದದ ವೇಗ ಶೇ. 3ರಷ್ಟು ಬದಲಾಗುತ್ತದೆ, 30 ಸೆಂ.ಮೀ.ಗೆ ಒಂದು ಸೆಂ.ಮೀ. ವ್ಯತ್ಯಾಸವೂ ಬಾರದು. ನಿಮ್ಮ ಪ್ರೋಗ್ರಾಂನಲ್ಲಿ ಪ್ರತಿಧ್ವನಿ ಬಾರದೆ ಸಮಯ ಮೀರಿದಾಗ, ಆ ಸಮಯ ಅಳೆಯುವ ‘ಪಲ್ಸ್ಇನ್’ ಆಜ್ಞೆ 0 ಕೊಡುತ್ತದೆ. ಅದನ್ನು ನೀವು ‘ದೂರ ಸೊನ್ನೆ’ ಎಂದು ಓದುತ್ತಿದ್ದೀರಿ, ಓದಬೇಕಾದದ್ದು ‘ಕೈ ಇಲ್ಲ’ ಎಂದು. ಆಗ ಹಿಂದಿನ ಸದ್ದನ್ನೇ ಉಳಿಸಿಕೊಳ್ಳಿ. ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಬಿಡಿ, ಐದು ಅಳತೆ ತೆಗೆದು ಏರಿಕೆಯಲ್ಲಿ ಜೋಡಿಸಿ ನಡುವಿನದ್ದನ್ನು ಹಿಡಿಯಿರಿ. ಸರಾಸರಿ ಬೇಡ, ಒಂದು ಹುಚ್ಚು ಅಂಕಿ ಬಂದರೆ ಸರಾಸರಿಯೂ ಅದರ ಹಿಂದೆ ಹೋಗುತ್ತದೆ.

ಅಂಗೈ ಓರೆಯಾದರೆ ಶಬ್ದ ಬೇರೆಡೆಗೆ ಚಿಮ್ಮುತ್ತದೆ; ಸ್ವೆಟರ್ ತೋಳು ಅದನ್ನು ನುಂಗುತ್ತದೆ. ಇನ್ನೊಂದು ಮಾತು: ಸೆನ್ಸರಿನ ಎಕೋ ಪಿನ್ನಿನಿಂದ 5 ವೋಲ್ಟ್ ಬರುತ್ತದೆ, ಇಎಸ್‌ಪಿ32ಗೆ 3.3ಕ್ಕಿಂತ ಹೆಚ್ಚು ಕೊಡಬಾರದು. ಎಕೋದಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿ, ಅವೆರಡರ ನಡುವಿನಿಂದ ತಂತಿ ಎಳೆಯಿರಿ.

ಪ್ರಶ್ನೆ: ಮನೆಯಿಂದ 300 ಮೀಟರ್ ಆಚೆ ಕೆರೆ ಹತ್ತಿರ 5 ಎಚ್‌ಪಿ ಮೋಟಾರ್ ಇದೆ. ಜಗಲಿಯಲ್ಲಿ ಕೈ ಬೀಸಿ ಸ್ಪ್ರಿಂಕ್ಲರ್ ಶುರು ಮಾಡಬಹುದೇ?
– ಕೃಷಿಕರು, ಸಕಲೇಶಪುರ

ಉತ್ತರ: ಮಾಡಬಹುದು, ಮಾಡಬೇಡಿ. ಅಲ್ಲಿ ಯಾರಾದರೂ ಪಂಪಿಗೆ ಕೈ ಹಾಕಿರುವುದು ಜಗಲಿಗೆ ಕಾಣುವುದಿಲ್ಲ. ಸನ್ನೆಯಿಂದ ನಿಲ್ಲಿಸಬಹುದು, ಶುರು ಮಾಡುವುದು ಮಾತ್ರ ಸ್ಟಾರ್ಟರಿನ ಹಸಿರು ಬಟನ್ನಿನಿಂದಲೇ ಆಗಲಿ.

ನಿಲ್ಲಿಸಲು ರಿಲೇಯ (ಕರೆಂಟಿನಿಂದ ನಡೆಯುವ ಸ್ವಿಚ್) ಎನ್‌ಒ ಸಂಪರ್ಕವನ್ನು, ಅಂದರೆ ರಿಲೇ ಎಳೆದುಕೊಂಡಾಗ ಮಾತ್ರ ಕೂಡುವುದನ್ನು, ಕೆಂಪು ಬಟನ್ನಿನ ಸರಣಿಯಲ್ಲಿ ಸೇರಿಸಿ, ಎಲ್ಲ ಸರಿಯಿದ್ದಾಗ ರಿಲೇ ಎಳೆದುಕೊಂಡೇ ಇರಲಿ. ರಿಲೇ ನಡೆಸುವ ಬೋರ್ಡ್ ಸತ್ತರೂ ಸಿಗ್ನಲ್ ತಪ್ಪಿದರೂ ಮೋಟಾರ್ ನಿಲ್ಲುತ್ತದೆ. ನೀಲಿ ರಿಲೇ ಮೇಲೆ 10 ಆಂಪಿಯರ್ ಎಂದಿರುವುದನ್ನು ನಂಬಿ ಮೋಟಾರಿನ ಕರೆಂಟನ್ನೇ ಅದರಲ್ಲಿ ಹಾಯಿಸಬೇಡಿ. ಈ ಮೋಟಾರ್ ಓಡುವಾಗ ಸುಮಾರು 7 ಆಂಪಿಯರ್ ಎಳೆದರೂ ನೇರ ಸ್ಟಾರ್ಟ್ ಆಗುವಾಗ ಅದರ ಆರು ಪಟ್ಟು ಎಳೆಯುತ್ತದೆ. ರಿಲೇಯ ಸಂಪರ್ಕ ಬೆಸೆದುಕೊಳ್ಳುತ್ತದೆ. ಸ್ಟಾರ್ಟರ್ ಕಾಯಿಲ್ 415 ವೋಲ್ಟಿನದ್ದಾದರೆ 250 ವೋಲ್ಟಿನ ಈ ರಿಲೇ ಅಲ್ಲೂ ಸಲ್ಲದು. ವೈರಿಂಗ್ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಗೇ ಬಿಡಿ.

ಸನ್ನೆ ಮುಟ್ಟುವುದು ಒಂದಡಿ. ಉಳಿದ 300 ಮೀಟರ್ ರೇಡಿಯೋ ಪಾಲು. ಕಾಫಿ ಗಿಡ, ಸಿಲ್ವರ್ ಓಕ್ ನಡುವೆ ಮನೆಯ ವೈಫೈ ಅಷ್ಟು ದೂರ ಹೋಗದು. 865–867 ಮೆಗಾಹರ್ಟ್ಸ್‌ನ ಲೋರಾ (ದೂರ ಹೋಗುವ ರೇಡಿಯೋ) ಮಾಡ್ಯೂಲ್ ಒಂದು ಜೋಡಿ ಹಾಕಿ. ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನಡೆಸುತ್ತಿದೆ. ಅಲ್ಲೂ ಆಜ್ಞೆ ಕಳಿಸಿ ಸುಮ್ಮನೆ ಕೂರುವುದಿಲ್ಲ, ಉಪಗ್ರಹ ವಾಪಸ್ ಕಳಿಸುವ ಟೆಲಿಮೆಟ್ರಿಯಲ್ಲಿ ಉತ್ತರ ನೋಡುತ್ತಾರೆ. ನೀವೂ ಮೋಟಾರಿನ ಒಂದು ಫೇಸ್ ತಂತಿಗೆ ಕರೆಂಟ್ ಹರಿಯುವುದನ್ನು ಗುರುತಿಸುವ ಕ್ಲ್ಯಾಂಪ್ ಹಾಕಿ, ಕರೆಂಟ್ ಹರಿಯುವಾಗ ಉರಿಯುವ ಎಲ್‌ಇಡಿಯೊಂದನ್ನು ಜಗಲಿಯಲ್ಲಿ ಇಡಿ. ಕೈ ಬೀಸಿದ ಮೇಲೂ ಅದು ಉರಿಯುತ್ತಿದ್ದರೆ ಮೋಟಾರ್ ನಿಂತಿಲ್ಲ, ನಡೆದು ಹೋಗಿ ಕೆಂಪು ಬಟನ್ ಒತ್ತಿ.