“ಸ್ವಲ್ಪ ತಲೆನೋವು ಸರ್, ಅಷ್ಟೇ”

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಇವರ ವಯಸ್ಸು ಮೂವತ್ತರ ಆಸುಪಾಸು, ಕೆಲಸ ಲೆಕ್ಕಪತ್ರ ವಿಭಾಗದಲ್ಲಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬಂದು ಕೂತವರು ಕೇಳಿದ್ದು ಇಷ್ಟು: “ಮೇಡಂ, ಆಫೀಸಿನಲ್ಲಿ ತಲೆನೋವು ಬಂದಾಗ ತಡ್ಕೊಳ್ಳೋಕೆ ಏನಾದ್ರೂ ಉಪಾಯ ಹೇಳಿಕೊಡಿ.”

ತಡೆದುಕೊಳ್ಳೋದರಲ್ಲಿ ಇವರು ಆಗಲೇ ಪಳಗಿದ್ದರು. ತೊಂದರೆ ಇದ್ದದ್ದೇ ಅಲ್ಲಿ.

ಹಿಂದಿನ ವಾರ ನಡೆದದ್ದು ಕೇಳಿ. ಮಧ್ಯಾಹ್ನ ಬಿಲ್ಲುಗಳನ್ನು ತಾಳೆ ನೋಡುತ್ತಿದ್ದಾಗ ಕಂಪ್ಯೂಟರಿನ ಅಂಕಿಗಳ ನಡುವೆ ತೂತು ಬಿದ್ದ ಹಾಗಾಯಿತು. 4826 ಇದ್ದ ಕಡೆ 48 ಮಾತ್ರ ಕಾಣುತ್ತಿತ್ತು. ತೂತಿನ ಅಂಚಿಗೆ ಗರಗಸದ ಹಲ್ಲಿನ ಥರ ಹೊಳೆಯುವ ಗೆರೆ, ಅದು ನಿಧಾನಕ್ಕೆ ದೊಡ್ಡದಾಗುತ್ತ ಹೋಯಿತು. ಮೈಗ್ರೇನಿಗೆ ಮುಂಚೆ ಕೆಲವರಿಗೆ ಬರುವ ಇದನ್ನು ಡಾಕ್ಟರುಗಳು ಆರಾ ಅನ್ನುತ್ತಾರೆ. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ, ಹಿಂದೆಯೇ ತಲೆನೋವು. ಇವರಿಗೆ ಇದು ಹೊಸದಲ್ಲ, ಮುಂದೇನಾಗುತ್ತದೆ ಅಂತಲೂ ಗೊತ್ತು. ಆದರೂ ಏಳಲಿಲ್ಲ. ಮ್ಯಾನೇಜರಿಗೆ ಮೆಸೇಜ್ ಬರೆದರು, ಅಳಿಸಿದರು, ಮತ್ತೆ ಬರೆದರು, ಕಳಿಸಲಿಲ್ಲ, ಅಷ್ಟರಲ್ಲಿ ವಾಂತಿ ಬರುವ ಹಾಗಾಗಿ ಟಾಯ್ಲೆಟ್ಟಿಗೆ ಹೋಗಿ ಲೈಟ್ ಆರಿಸಿ ನೆಲದ ಮೇಲೆ ಮುಕ್ಕಾಲು ಗಂಟೆ ಕೂತಿದ್ದರು. ಆಮೇಲೆ ಮುಖ ತೊಳೆದುಕೊಂಡು ಬಂದು ಮ್ಯಾನೇಜರ್ ಹತ್ತಿರ ಹೇಳಿದ್ದು: “ಸ್ವಲ್ಪ ತಲೆನೋವು ಸರ್, ಅಷ್ಟೇ.”

“ಮಾತ್ರೆ ತಗೊಂಡು ನೋಡಿ” ಅಂದರು ಮ್ಯಾನೇಜರ್. ಇವರು ಸಂಜೆವರೆಗೂ ಕೂತರು.

ಆತ ಕಲ್ಲುಮನಸ್ಸಿನವನು ಅಂತ ಇವರ ತೀರ್ಮಾನ. ನನಗೆ ಹಾಗನ್ನಿಸಲಿಲ್ಲ, ಅದನ್ನು ಹೇಳಿಯೂಬಿಟ್ಟೆ. ಸ್ವಲ್ಪ ತಲೆನೋವು ಅಂದವರಿಗೆ ಯಾರಾದರೂ ಮಾತ್ರೆ ತಾನೇ ಹೇಳೋದು? (ಎಲ್ಲ ಮ್ಯಾನೇಜರುಗಳೂ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಜ್ವರ ಅಂದರೆ ಥರ್ಮಾಮೀಟರಿನ ಫೋಟೋ ಕೇಳುವವರ ಕಥೆಯೂ ನನ್ನ ಹತ್ತಿರ ಬಂದಿದೆ.)

ಕಳಿಸದೇ ಬಿಟ್ಟ ಆ ಮೆಸೇಜ್ ಮೊಬೈಲಿನಲ್ಲಿ ಹಾಗೇ ಉಳಿದಿತ್ತು. ಒಂಬತ್ತು ಸಾಲು. ಮೂರು ಸಲ ಕ್ಷಮಿಸಿ. ಹೋದ ತಿಂಗಳು ಒಂದೂ ರಜೆ ಹಾಕಿಲ್ಲ ಅನ್ನುವ ಲೆಕ್ಕ. ಬೇಕಾದರೆ ರಾತ್ರಿ ಮನೆಯಿಂದ ಕೆಲಸ ಮುಗಿಸುತ್ತೇನೆ ಅನ್ನುವ ಮಾತು. ಮನೆಗೆ ಹೋಗಬೇಕು ಅನ್ನೋದು ಎಂಟನೇ ಸಾಲಿನಲ್ಲಿ, ಅದೂ ‘ಹೋಗಬಹುದಾ ಅಂತ...’ ಅನ್ನುವಲ್ಲಿಗೆ ನಿಂತಿತ್ತು. ಜೋರಾಗಿ ಓದಿ ಅಂದೆ. ನಾಲ್ಕನೇ ಸಾಲಿಗೆ ಅವರಿಗೇ ನಗು ಬಂತು, “ಕಳ್ಳತನ ಮಾಡಿ ಸಿಕ್ಕಿಬಿದ್ದವರು ಬರೆದ ಹಾಗಿದೆ ಅಲ್ವಾ?” ಅಂದರು. ಆಮೇಲೆ ಅಳು ಬಂತು. ಸ್ಕೂಲಿನಲ್ಲಿ ಹೊಟ್ಟೆನೋವು ಅಂದಾಗಲೆಲ್ಲ ‘ನಾಟಕ ಬೇಡ’ ಅನ್ನಿಸಿಕೊಂಡದ್ದು, ಒಂದು ದಿನ ಕ್ಲಾಸಿನಲ್ಲೇ ವಾಂತಿಯಾದ ಮೇಲೆ ಎಲ್ಲರೂ ನಂಬಿದ್ದು, ಎಲ್ಲ ಹೊರಗೆ ಬಂತು. ನಾಲ್ಕು ಜನರ ಕಣ್ಣಿಗೆ ಬಿದ್ದರಷ್ಟೇ ಕಾಯಿಲೆ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮೈಗ್ರೇನ್ ಯಾರ ಕಣ್ಣಿಗೂ ಬೀಳೋದಿಲ್ಲ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಕೇಳಬೇಕಾದ ಹೊತ್ತಿನಲ್ಲೇ ಕೇಳುವ ಶಕ್ತಿ ಇರೋದಿಲ್ಲ. ಕಣ್ಣು ಮಂಜು, ತಲೆ ಓಡೋದಿಲ್ಲ, ಆಗ ಕೂತು ಸರಿಯಾದ ಮಾತು ಹುಡುಕಿದರೆ ಒಂಬತ್ತು ಸಾಲೇ ಆಗೋದು. ಹಾಗಾಗಿ ಹುಷಾರಾಗಿರುವ ದಿನವೇ ಬರೆದಿಡಿ ಅಂದೆ. ಅಲ್ಲೇ ಬರೆದೆವು: “ಮೈಗ್ರೇನ್ ಶುರುವಾಗಿದೆ, ಮನೆಗೆ ಹೊರಡುತ್ತಿದ್ದೇನೆ. ಬಿಲ್ಲುಗಳ ಕೆಲಸ ಎಲ್ಲಿಗೆ ನಿಂತಿದೆ ಅಂತ ಫೈಲಿನಲ್ಲಿ ಗುರುತು ಹಾಕಿದ್ದೇನೆ. ನಾಳೆ ಬೆಳಿಗ್ಗೆ ಹೇಗಿದ್ದೇನೆ ಅಂತ ತಿಳಿಸುತ್ತೇನೆ.”

ಹೋಗಲಾ ಅಂತ ಕೇಳದೆ ಹೊರಡೋದು ಇವರಿಗೆ ಸೊಕ್ಕಿನ ಥರ ಅನ್ನಿಸಿತು. ಅದೂ ನಿಜವೇ, ಅಂಥ ಮೆಸೇಜ್ ಸುಮ್ನೆ ಏಕಾಏಕಿ ಬಂದರೆ ಹಾಗೇ ಅನ್ನಿಸುತ್ತದೆ. ಅದಕ್ಕೇ ಮೊದಲು ಮ್ಯಾನೇಜರ್ ಜೊತೆ ಹತ್ತು ನಿಮಿಷ ಕೂತು ಹೇಳಿ ಅಂದೆ: ನನಗೆ ಈ ಕಾಯಿಲೆ ಇದೆ, ಹಿಡಿದರೆ 4 ಗಂಟೆಯಿಂದ 72 ಗಂಟೆವರೆಗೂ ಇರಬಹುದು, ಅಂಥ ದಿನ ಹೀಗೊಂದು ಮೆಸೇಜ್ ಬರುತ್ತದೆ. ಯಾರು ಮನೆಗೆ ಬಿಡುತ್ತಾರೆ ಅಂತಲೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು, ಅರ್ಧ ಕಣ್ಣು ಕಾಣದಿರುವಾಗ ಗಾಡಿ ಓಡಿಸುವ ಮಾತೇ ಬೇಡ.

ಒಂದು ವಿಷಯ ಮಾತ್ರ ನನ್ನ ಕೈಯಲ್ಲಿರಲಿಲ್ಲ. ಕುರ್ಚಿ ಬಿಡಬಾರದು ಅಂತ ಇವರು ತಿಂಗಳಿಗೆ ಹದಿನೆಂಟು ದಿನ ನೋವಿನ ಮಾತ್ರೆ ನುಂಗುತ್ತಿದ್ದರು. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ತಿಂಗಳುಗಟ್ಟಲೆ ಹೀಗೆ ತಗೊಂಡರೆ ಆ ಮಾತ್ರೆಯಿಂದಲೇ ತಲೆನೋವು ಬರೋದುಂಟು. ನರರೋಗದ ಡಾಕ್ಟರ್ ಹತ್ತಿರ ಕಳಿಸಿದೆ. ಇನ್ನೊಂದನ್ನು ಒತ್ತಿ ಹೇಳಿದೆ: ಸಿಡಿಲು ಹೊಡೆದ ಹಾಗೆ ಒಂದೇ ಸಲ ಬರುವ ತಲೆನೋವು, ಒಂದು ಕಡೆಯ ಕೈಕಾಲು ಸೋಲೋದು, ಮಾತು ತೊದಲೋದು, ಜ್ವರದ ಜೊತೆ ಕುತ್ತಿಗೆ ಬಿಗಿಯೋದು, ಇದರಲ್ಲಿ ಯಾವುದೇ ಆದರೂ ಮನೆಗೆ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಎರಡು ತಿಂಗಳಲ್ಲಿ ಎರಡು ಸಲ ಆ ಮೆಸೇಜ್ ಕಳಿಸಿದರು. ಎರಡು ಸಲವೂ ಮ್ಯಾನೇಜರಿಂದ ಬಂದದ್ದು “ಸರಿ, ಹುಷಾರು”. ಮೊದಲ ಸಲ ಮನೆಗೆ ಹೋಗಿ ಪರದೆ ಎಳೆದು ಮಲಗಿದರು. ಎರಡನೇ ಸಲ ಕತ್ತಲೆ ಕೋಣೆಯಲ್ಲಿ ಮಲಗಿಕೊಂಡೇ ಹತ್ತು ನಿಮಿಷಕ್ಕೊಮ್ಮೆ ಆಫೀಸಿನ ಮೆಸೇಜುಗಳನ್ನು ತೆಗೆದು ನೋಡುತ್ತಿದ್ದರಂತೆ, ಯಾರಾದರೂ ಏನಾದರೂ ಅಂದಿದ್ದಾರಾ ಅಂತ. ಈಗ ನಮ್ಮ ಮಾತುಕತೆ ನಡೆಯುತ್ತಿರೋದು ಅದರ ಮೇಲೆ.