10 ಗ್ರಾಂ ಏಲಕ್ಕಿಗೂ 50 ಕಿಲೋ ಮೆಣಸಿಗೂ ಒಂದೇ ತಕ್ಕಡಿ ಸಾಕೇ?

ಪ್ರಶ್ನೆ: ಶಿರಸಿಯಲ್ಲಿ ಮಸಾಲೆ ಅಂಗಡಿ ಶುರು ಮಾಡುತ್ತಿದ್ದೇವೆ. ಬೆಳೆಗಾರರಿಂದ ಕಾಳುಮೆಣಸನ್ನು 50 ಕಿಲೋ ಚೀಲದಲ್ಲಿ ಕೊಳ್ಳುತ್ತೇವೆ. ಏಲಕ್ಕಿಯನ್ನು 10 ಗ್ರಾಂ ಪ್ಯಾಕೆಟ್ ಮಾಡಿ ಮಾರುತ್ತೇವೆ. ಒಂದೇ ದೊಡ್ಡ ಎಲೆಕ್ಟ್ರಾನಿಕ್ ತಕ್ಕಡಿ ಸಾಕೇ? ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದನ್ನು ತಗೊಳ್ಳಬಹುದೇ?

ಉತ್ತರ: ಸಾಲದು, ನಿಮಗೆ ಎರಡು ಬೇಕು. ತಕ್ಕಡಿ ಕೊಳ್ಳುವಾಗ ಎಲ್ಲರೂ ‘ಎಷ್ಟು ಕಿಲೋವರೆಗೆ ತೂಗುತ್ತದೆ’ ಎಂದೇ ಕೇಳುತ್ತಾರೆ. ನೀವು ‘ಎಷ್ಟು ಗ್ರಾಂನಿಂದ ತೂಗುತ್ತದೆ’ ಎಂದು ಕೇಳಿ.

ಅಂಗಡಿಗಳಲ್ಲಿ ಕಾಣುವ 30 ಕಿಲೋ ತಕ್ಕಡಿಯನ್ನೇ ನೋಡಿ. ಅದು ಸಾಮಾನ್ಯವಾಗಿ 5, 10, 15 ಎಂದು 5 ಗ್ರಾಂ ಹೆಜ್ಜೆಯಲ್ಲಿ ಎಣಿಸುತ್ತದೆ. ಅದರಲ್ಲಿ 10 ಎಂದು ಕಂಡರೆ ನಿಜವಾದ ತೂಕ ಏಳೂವರೆಯಿಂದ ಹನ್ನೆರಡೂವರೆ ಗ್ರಾಂವರೆಗೆ ಎಷ್ಟಾದರೂ ಇರಬಹುದು. ಏಲಕ್ಕಿ ಕಿಲೋಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ಯಾಕೆಟ್‌ಗೆ 2 ಗ್ರಾಂ ಜಾಸ್ತಿ ಹೋದರೆ ನೂರು ಪ್ಯಾಕೆಟ್‌ಗೆ 600 ರೂಪಾಯಿ ನಷ್ಟ. ಕಡಿಮೆ ಹೋದರೆ ಗಿರಾಕಿಗೆ ಮೋಸ. ಯಂತ್ರದ ಫಲಕದಲ್ಲಿ ‘ಮಿನ್’ ಎಂದು ಬರೆದಿರುತ್ತದೆ, ಅದಕ್ಕಿಂತ ಕಡಿಮೆ ತೂಗಬಾರದು ಎಂದರ್ಥ. ಈ 30 ಕಿಲೋ ತಕ್ಕಡಿಗೆ ಅದು 100 ಗ್ರಾಂ!

ಏಲಕ್ಕಿಗೆ 600 ಗ್ರಾಂ ಅಥವಾ 1 ಕಿಲೋವರೆಗಿನ, 0.1 ಗ್ರಾಂ ತೋರಿಸುವ ಯಂತ್ರ ತಗೊಳ್ಳಿ. ಫ್ಯಾನಿನ ಕೆಳಗೆ ಇಡಬೇಡಿ, ಗಾಳಿಗೇ ಅಂಕಿ ಕುಣಿಯುತ್ತದೆ. ಖಾಲಿ ಕವರಿನ ತೂಕ ಕಳೆಯಲು ‘ಟೇರ್’ ಗುಂಡಿ ಒತ್ತುವುದನ್ನು ಮರೆಯಬೇಡಿ.

ಚೀಲಕ್ಕೆ 100 ಅಥವಾ 150 ಕಿಲೋ ಪ್ಲಾಟ್‌ಫಾರ್ಮ್ ಯಂತ್ರ ಸರಿ. 50 ಕಿಲೋ ಚೀಲಕ್ಕೆ 60 ಕಿಲೋ ಯಂತ್ರ ಸಾಕಲ್ವಾ ಅನಿಸಬಹುದು. ಆದರೆ ಹೆಗಲಿನಿಂದ ಚೀಲ ಧಪ್ಪೆಂದು ಬಿದ್ದಾಗ ಒಳಗೆ ತೂಕ ಅಳೆಯುವ ಭಾಗವಾದ ಲೋಡ್ ಸೆಲ್ ಮೇಲೆ ಬೀಳುವ ಪೆಟ್ಟು ಚೀಲದ ತೂಕಕ್ಕಿಂತ ಎಷ್ಟೋ ಜಾಸ್ತಿ. ಕೊಳ್ಳುವ ಮುಂಚೆ ಒಂದೇ ತೂಕದ ಕಲ್ಲನ್ನು ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿ. ಮೂಲೆಗೊಂದು ಅಂಕಿ ಬಂದರೆ ಆ ಯಂತ್ರ ಬೇಡ.

ಇನ್ನು ಆನ್‌ಲೈನ್ ಮಾತು. ಅಲ್ಲಿ ಅಗ್ಗಕ್ಕೆ ಸಿಗುವುದು ಬಹುಪಾಲು ಅಡುಗೆಮನೆ ತಕ್ಕಡಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಮಾದರಿ ಅನುಮೋದನೆ (ಆ ಮಾದರಿಯ ಯಂತ್ರಕ್ಕೆ ಸರ್ಕಾರದ ಒಪ್ಪಿಗೆ) ಮತ್ತು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇಲ್ಲದ ಯಂತ್ರದಲ್ಲಿ ವ್ಯಾಪಾರ ಮಾಡುವಂತಿಲ್ಲ. ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು, ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕಬೇಕು.

ದೂರದ ಊರಿನಿಂದ ತರಿಸುವುದಾದರೆ ಇನ್ನೊಂದು ವಿಷಯವಿದೆ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಸಮ ಇಲ್ಲ. ದೆಹಲಿಯಲ್ಲಿ ಸರಿಹೊಂದಿಸಿದ ಎಲೆಕ್ಟ್ರಾನಿಕ್ ಯಂತ್ರವನ್ನು ಹಾಗೇ ಬೆಂಗಳೂರಿಗೆ ತಂದಿಟ್ಟರೆ ಕಿಲೋಗೆ ಸುಮಾರು 1 ಗ್ರಾಂ ಕಡಿಮೆ ತೋರಿಸುತ್ತದೆ. 50 ಕಿಲೋ ಚೀಲಕ್ಕೆ 50 ಗ್ರಾಂ ಆಯಿತು. ಅಷ್ಟು ಮೆಣಸು ಹೋಗುವುದು ಬೆಳೆಗಾರರ ಜೇಬಿನಿಂದ, ಅದೂ ಪ್ರತಿ ಚೀಲಕ್ಕೆ. ಹಾಗಾಗಿ ಯಂತ್ರವನ್ನು ನಿಮ್ಮ ಅಂಗಡಿಯಲ್ಲೇ ಸರಿಹೊಂದಿಸಿ ಮುದ್ರೆ ಹಾಕಿಸಿ.

ಮುದ್ರೆ ಇರುವ 20 ಕಿಲೋ ತೂಕದ ಕಲ್ಲೊಂದನ್ನು ಪ್ಲಾಟ್‌ಫಾರ್ಮ್ ಪಕ್ಕದಲ್ಲೇ ಇಟ್ಟಿರಿ. ಬೆಳೆಗಾರರು ಚೀಲ ಇಳಿಸುವ ಮುಂಚೆ ಅವರ ಎದುರಿಗೇ ಅದನ್ನು ತೂಗಿ ತೋರಿಸಿ.